ಕುದುರೆಗೆ ಹೆಸರುಂಟು, ಸಾಯಿಸನಿಗೆ?

ಮುಂಬಯಿಯ ಕೋಟೆ ಭಾಗದಲ್ಲಿ ದುಡಿದ ಕನ್ನಡಿಗರಿಗೆಲ್ಲ 'ಕಾಳಾ ಘೋಡಾ' ಎಂಬ ಸ್ಥಳ ಗೊತ್ತು. ಇಂಗ್ಲೆಂಡಿನ ಯುವರಾಜನಾಗಿದ್ದು ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನ ಕುದುರೆ ಸವಾರಿಯ ಪ್ರತಿಮೆಯೊಂದನ್ನು 1879ರಲ್ಲಿ ಅಲ್ಲಿ ನಿಲ್ಲಿಸಲಾಗಿತ್ತು. ಅದರ ವೆಚ್ಚವನ್ನು ಆಲ್ಬರ್ಟ್ ಸಸೂನ್ ಎಂಬ ಧನಿಕರು ಕೊಟ್ಟಿದ್ದರು. 1965ರಲ್ಲಿ ಆ ಪ್ರತಿಮೆಯನ್ನು ಅಲ್ಲಿಂದ ತೆಗೆದು ಬೈಕುಲಾದ ಉದ್ಯಾನಕ್ಕೆ ಸಾಗಿಸಿದರು. ದೊರೆ ಹೋದನು, ಆದರೆ ಕುದುರೆಯ ಹೆಸರು ಮಾತ್ರ ಹೋಗಲಿಲ್ಲ. ಬಸ್ಸಿನ ಕಂಡಕ್ಟರನಿಂದ ಹಿಡಿದು ಡಬ್ಬಾವಾಲನವರೆಗೆ ಎಲ್ಲರ ಬಾಯಲ್ಲಿಯೂ ಅದು ಕಾಳಾ ಘೋಡಾ ಆಗಿಯೇ ಉಳಿಯಿತು. ಕೊನೆಗೆ 2017ರಲ್ಲಿ ಹೊಸದೊಂದು ಕರಿಯ ಕುದುರೆಯನ್ನು ಅದೇ ಪರಿಸರದಲ್ಲಿ ನಿಲ್ಲಿಸಿದರು. ಈ ಸಲ ಅದರ ಬೆನ್ನ ಮೇಲೆ ದೊರೆಯಿಲ್ಲ.

ಅದು ಒಳ್ಳೆಯದೇ ಆಯಿತು. ಪರದೇಶದ ದೊರೆಯ ಋಣ ನಮಗಿಲ್ಲ. ಆದರೆ ಈ ಊರನ್ನು ಕಟ್ಟಿದ ಜೀವಂತ ಕುದುರೆಗಳಿಗೆ ನೀರು ಹಿಡಿದವರು ಯಾರು? ಮೈ ತಿಕ್ಕಿದವರು ಯಾರು? ಬೇನೆ ಬಂದ ರಾತ್ರಿ ಲಾಯದಲ್ಲಿ ಎಚ್ಚರವಿದ್ದವರು ಯಾರು? ಈ ಪ್ರಶ್ನೆಯನ್ನು ಕೇಳಿದವರನ್ನು ನಾವು ಕಾಣೆವು. ನಮ್ಮ ತಂದೆಯವರು ಅಂಥವರಲ್ಲೊಬ್ಬರಾಗಿದ್ದರು. ಆದುದರಿಂದ ಈ ಮಾತನ್ನು ಎತ್ತುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಇಂದಿನ ತರುಣರಿಗೆ ಮುಂಬಯಿಯೆಂದರೆ ಲೋಕಲ್ ಗಾಡಿ, ಮೆಟ್ರೋ, ಮೋಟಾರು. ಆದರೆ ಈ ನಗರ ಬಹುಕಾಲ ಗೊರಸಿನ ಮೇಲೆ ನಡೆದ ನಗರ. 1874ನೆಯ ಇಸವಿಯ ಮೇ 9ರಂದು ಕುಲಾಬೆಯಿಂದ ಪಾಯಧುನಿಯವರೆಗೆ ಮೊದಲ ಟ್ರಾಮು ಓಡಿದಾಗ ಅದನ್ನು ಎಳೆದುದು ಕುದುರೆ. ವಿದ್ಯುತ್ತಿನ ಟ್ರಾಮು ಬಂದದ್ದು 1907ರಲ್ಲಿ. ಅಲ್ಲಿಯತನಕ ಮೂವತ್ತು ವರ್ಷ ಗಿರಣಿಯ ಗುಮಾಸ್ತರನ್ನೂ ಪೇಟೆಯ ಸೇಠಜಿಗಳನ್ನೂ ಕುದುರೆಗಳೇ ಹೊತ್ತವು. ಬಂದರಿನಿಂದ ಹತ್ತಿಯ ಅಂಡಿಗೆಗಳನ್ನೂ ಧಾನ್ಯದ ಚೀಲಗಳನ್ನೂ ಎತ್ತಿನ ಗಾಡಿಗಳು ಹೇರಿದವು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘ ಇಲ್ಲಿ ಹುಟ್ಟಿದ್ದು ಅದೇ 1874ರಲ್ಲಿ. ಪರೇಲಿನಲ್ಲಿ ಬಾಯಿ ಸಾಕರಬಾಯಿಯವರ ಹೆಸರಿನ ಪಶು ಆಸ್ಪತ್ರೆ ಎದ್ದಿತು. 1886ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಇಷ್ಟೆಲ್ಲ ಬೇಕಾಯಿತೆಂದರೆ ಈ ಊರಿನಲ್ಲಿ ಎಷ್ಟು ಪ್ರಾಣಿಗಳು ದುಡಿಯುತ್ತಿದ್ದವೆಂಬುದನ್ನು ವಾಚಕರೇ ಊಹಿಸಬಹುದು. ಪ್ರಾಣಿ ದುಡಿಯುವಲ್ಲಿ ಅದರೊಡನೆ ಮನುಷ್ಯನೂ ದುಡಿಯುತ್ತಿದ್ದನು.

1956ನೆಯ ನವೆಂಬರ 1ರ ವರೆಗೆ ವಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ನಮ್ಮವರಿಗೆ ಮುಂಬಯಿ ಪರರಾಜ್ಯವಾಗಿರಲಿಲ್ಲ, ರಾಜಧಾನಿಯಾಗಿತ್ತು. ಬರ ಬಿದ್ದಾಗ, ಸಾಲ ಏರಿದಾಗ ಜನ ಇತ್ತ ಹೊರಡುತ್ತಿದ್ದರು. ಗಿರಣಿ ಸೇರಿದವರ ಕಥೆಯನ್ನೂ ಹೊಟೇಲು ಕಟ್ಟಿದವರ ಕಥೆಯನ್ನೂ ಗೋದಿಯಲ್ಲಿ ದುಡಿದವರ ಕಥೆಯನ್ನೂ ನಮ್ಮ ಜನ ಆಗಾಗ ಹೇಳುತ್ತಾರೆ, ಬರೆಯುತ್ತಾರೆ. ಲಾಯಕ್ಕೂ ತಬೇಲಕ್ಕೂ ಸೇರಿದವರ ಕಥೆಯನ್ನು ಹೇಳುವವರಿಲ್ಲ. ಅಂಥವರ ಸಂಖ್ಯೆ ಕಡಿಮೆಯಿತ್ತು, ಅವರಿಗೆ ಯೂನಿಯನ್ನೂ ಇರಲಿಲ್ಲ.

ನಮ್ಮ ತಂದೆ ವಿಜಾಪುರ ಸೀಮೆಯ ಎರೆಹೊಲದಲ್ಲಿ ಹುಟ್ಟಿದವರು. ಖಿಲಾರಿ ಎತ್ತುಗಳ ನಡುವೆ ಬೆಳೆದವರು. ಹೋರಿಯ ಮೈಮೇಲಿನ ಸುಳಿ ನೋಡಿ ಅದರ ಸ್ವಭಾವ ಹೇಳುತ್ತಿದ್ದರು, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು. ಒಂದು ಬರಗಾಲದಲ್ಲಿ ಕಣಕಿಯ ಬಣವೆ ತೀರಿ, ಜೋಡೆತ್ತನ್ನು ಮಾರಿದ ಮೇಲೆ ಊರಿನಲ್ಲಿ ಅವರಿಗೆ ಕೆಲಸವಿಲ್ಲದಾಯಿತು. ಪರಿಚಿತರೊಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದರು. ಗಿರಣಿಯಲ್ಲಿ ಬದಲಿ ಕೆಲಸವೂ ಸಿಗಲಿಲ್ಲ. ವಿಕ್ಟೋರಿಯಾ ಗಾಡಿಗಳ ಲಾಯವೊಂದರಲ್ಲಿ ಸಾಯಿಸನಾಗಿ ನಿಂತರು. ಟ್ಯಾಕ್ಸಿಗಳು ಹೆಚ್ಚಿ ಗಾಡಿಗಳು ಕಡಿಮೆಯಾದಾಗ ಜೋಗೇಶ್ವರಿಯ ಕಡೆ ಎಮ್ಮೆಗಳ ತಬೇಲಕ್ಕೆ ಹೋದರು. ಅವರ ಆಯುಷ್ಯವೆಲ್ಲ ಈ ಮೂರು ದಾವಣಿಗಳ ನಡುವೆ ಕಳೆಯಿತು. ಮೊದಲು ಎತ್ತು, ಆಮೇಲೆ ಕುದುರೆ, ಕಡೆಗೆ ಎಮ್ಮೆ.

ಈ ಕೆಲಸವನ್ನು ಕಾಗದಪತ್ರಗಳಲ್ಲಿ 'ಕೂಲಿ' ಎಂದು ಬರೆಯುತ್ತಾರೆ. ಕಸುಬು ತಿಳಿಯದವರ ದುಡಿಮೆ ಎಂದು ಅದರ ಅರ್ಥ. ನಾವು ಈ ಮಾತನ್ನು ಒಪ್ಪುವುದಿಲ್ಲ. ಅವರು ಏನು ಬಲ್ಲವರಾಗಿದ್ದರೆಂಬುದನ್ನು ಕೊಂಚ ವಿವರವಾಗಿ ಹೇಳುತ್ತೇವೆ.

ಕುದುರೆಗೆ ವಾಂತಿಯಾಗುವುದಿಲ್ಲ. ಉಂಡದ್ದು ಕೆಟ್ಟರೆ ಹೊರಗೆ ಹಾಕುವ ದಾರಿ ಅದಕ್ಕಿಲ್ಲ. ಆದುದರಿಂದ ಹೊಟ್ಟೆಶೂಲೆಯೆಂದರೆ ಕುದುರೆಗೆ ಸಾವು ಬದುಕಿನ ಮಾತು. ಕುದುರೆ ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಹೊರಳುವುದು, ಇವು ಅದರ ಲಕ್ಷಣಗಳು. ಮೊದಲನೆಯ ಲಕ್ಷಣ ಕಂಡಾಗಲೇ ಎಚ್ಚರಗೊಂಡವನು ಕುದುರೆಯನ್ನು ಉಳಿಸಬಲ್ಲ, ಮೂರನೆಯದನ್ನು ಕಂಡು ಓಡಿ ಬಂದವನಿಗೆ ಅದು ಕಷ್ಟ. ನೆನೆಸಿದ ಹುರುಳಿ ಎಷ್ಟು, ಹುಲ್ಲು ಎಷ್ಟು, ಓಡಿ ಬೆವತು ಬಂದ ಕುದುರೆಗೆ ಎಷ್ಟು ಹೊತ್ತಿನ ಮೇಲೆ ನೀರು, ಇದನ್ನೆಲ್ಲ ಅವರು ಕೈಯಳತೆಯಿಂದಲೂ ಕಣ್ಣಳತೆಯಿಂದಲೂ ನಡೆಸುತ್ತಿದ್ದರು. ನಾವು ಚಿಕ್ಕವರಿದ್ದಾಗ ಒಮ್ಮೆ ಬೆವತ ಕುದುರೆಯ ಮುಂದೆ ಬಕೆಟು ಇಡಲು ಹೋದರೆ ಅವರು ತಡೆದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮೊದ್ಲ ಉಸರು ಇಳೀಲಿ ತಮ್ಮಾ, ಆಮ್ಯಾಲ ನೀರು."

ದಿನವೂ ನಾಲ್ಕು ಗೊರಸುಗಳನ್ನು ಎತ್ತಿ ಕಲ್ಲು ಮಣ್ಣು ತೆಗೆಯಬೇಕು. ಲಾಳ ಸಡಿಲಾಗಿದೆಯೆಂಬುದನ್ನು ಅವರು ಕಣ್ಣಿನಿಂದಲ್ಲ, ರಸ್ತೆಯ ಮೇಲಿನ ಸಪ್ಪಳದಿಂದ ತಿಳಿಯುತ್ತಿದ್ದರು. ಗಾಡಿ ಲಾಯದ ಓಣಿಗೆ ತಿರುಗುವಷ್ಟರಲ್ಲಿ "ಬಲಗಾಲು ಹಿಂದಿಂದು" ಎಂದು ಒಳಗಿನಿಂದಲೇ ಹೇಳುತ್ತಿದ್ದರು. 1960ರಲ್ಲಿ ಆಫ್ರಿಕದ ಕುದುರೆ ಬೇನೆ ನಮ್ಮ ದೇಶಕ್ಕೂ ಹಬ್ಬಿದಾಗ ಲಾಯ ಲಾಯಗಳಲ್ಲಿ ಹೆದರಿಕೆ ಹುಟ್ಟಿತು. ಆ ದಿನಗಳಲ್ಲಿ ತಂದೆ ಮನೆಗೆ ಬಂದುದು ನಮಗೆ ನೆನಪಿಲ್ಲ. ಊಟದ ಡಬ್ಬಿಯನ್ನು ಅವ್ವ ಅಲ್ಲಿಗೇ ಕಳಿಸುತ್ತಿದ್ದಳು.

ತಬೇಲದ ಕೆಲಸ ಬೇರೆ ತರಹದ್ದು. ರಾತ್ರಿ ಎರಡು ಮೂರು ಗಂಟೆಗೆ ಹಿಂಡುವ ಕೆಲಸ ಆರಂಭವಾದರೆ ಮಾತ್ರ ಬೆಳಗಿನ ಚಹಕ್ಕೆ ಊರಿಗೆ ಹಾಲು ಮುಟ್ಟುತ್ತದೆ. ಎಮ್ಮೆ ಪರಕೈ ಅರಿಯುವ ಪ್ರಾಣಿ. ರೂಢಿಯ ಕೈ ಬಾರದಿದ್ದರೆ ಸೊರವು ಬಿಡುವುದಿಲ್ಲ. ಅದಕ್ಕೆ ಬೆವರುವುದು ಕಡಿಮೆ. ಬೇಸಿಗೆಯಲ್ಲಿ ಮೈಮೇಲೆ ನೀರು ಬೀಳದಿದ್ದರೆ ಹಾಲು ಇಳಿಯುತ್ತದೆ. ಆದುದರಿಂದ ಹಿಂಡುವವನಿಗೆ ಜ್ವರ ಬಂದರೂ ರಜೆಯಿಲ್ಲ. ದೀಪಾವಳಿಯಿಲ್ಲ, ಯುಗಾದಿಯಿಲ್ಲ. ಮುಂಬಯಿ ಬಂದ್ ಆದ ದಿನವೂ ಎಮ್ಮೆ ಬಂದ್ ಮಾಡುವುದಿಲ್ಲವಷ್ಟೆ. ಗಿರಣಿ ಕಾಮಗಾರನಿಗೆ ಸಂಪಿನ ಅಸ್ತ್ರವಾದರೂ ಇತ್ತು. ಮೂಕಪ್ರಾಣಿಯ ಕೆಚ್ಚಲು ಬಿಗಿದು ನರಳುವಾಗ ಕೈ ಕಟ್ಟಿ ಕುಳಿತುಕೊಳ್ಳುವುದು ನಮ್ಮ ತಂದೆಯಂಥವರಿಂದ ಆಗದ ಮಾತು. ಮಾಲಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಒಮ್ಮೆ ಕುದುರೆಯೊಂದು ಬೆದರಿ ಒದ್ದು ಅವರ ಮುಂಗೈ ಮುರಿಯಿತು. ಆರು ವಾರ ಕೆಲಸವಿಲ್ಲ. ಆರು ವಾರ ಪಗಾರವೂ ಇಲ್ಲ. 1923ರಿಂದಲೇ ದೇಶದಲ್ಲಿ ಕಾಮಗಾರರ ನಷ್ಟಪರಿಹಾರದ ಕಾಯಿದೆಯಿತ್ತು. ಆದರೆ ನಮ್ಮ ತಂದೆಯ ಕೈಯಲ್ಲಿ ಹಾಜರಿಯ ಚೀಟಿಯಿಲ್ಲ, ಪಗಾರದ ಪಾವತಿಯಿಲ್ಲ, ಲಾಯದ ಯಾವ ಪುಸ್ತಕದಲ್ಲಿಯೂ ಹೆಸರಿಲ್ಲ. ಕಾಗದವಿಲ್ಲದವನಿಗೆ ಕಾಯಿದೆಯಿಲ್ಲ. ಕುದುರೆಗೆ ಮಾತ್ರ ಪುಸ್ತಕದಲ್ಲಿ ಹೆಸರಿತ್ತು, ಕೊಂಡ ಬೆಲೆಯೂ ಇತ್ತು.

ಈ ಭೇದ ಒಂದು ಲಾಯದ್ದಲ್ಲ. ಮಹಾಲಕ್ಷ್ಮಿಯ ಮೈದಾನದಲ್ಲಿ 1883ರಿಂದ ಕುದುರೆಗಳು ಓಡುತ್ತಿವೆ. ಇಂಡಿಯನ್ ಡರ್ಬಿಯ ಮೊದಲ ಪಂದ್ಯ ನಡೆದದ್ದು 1943ರಲ್ಲಿ. ಗೆದ್ದ ಕುದುರೆ ಪ್ರಿನ್ಸೆಸ್ ಬ್ಯೂಟಿಫುಲ್, ಸವಾರ ಎಡ್ಗರ್ ಬ್ರಿಟ್. ಎಂಬತ್ತು ವರ್ಷ ಕಳೆದರೂ ಇವರಿಬ್ಬರ ಹೆಸರು ದಾಖಲೆಯಲ್ಲಿದೆ. ಅದರ ಮೈ ತಿಕ್ಕಿದ ಸಾಯಿಸನ ಹೆಸರನ್ನು ಯಾರು ಹೇಳಬಲ್ಲರು? ಪರೇಲಿನ ಹಾಫ್‌ಕಿನ್ ಸಂಸ್ಥೆ ಹಾವಿನ ವಿಷಕ್ಕೆ ಮದ್ದು ತಯಾರಿಸಿದ್ದು ಕುದುರೆಗಳ ರಕ್ತದಿಂದ. ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸುವುದು ಅದರ ಕ್ರಮ. ಹೊಲದಲ್ಲಿ ಹಾವು ಕಚ್ಚಿದ ನಮ್ಮೂರಿನ ರೈತನನ್ನು ಬದುಕಿಸುವುದು ಇಂಥ ಮದ್ದು. ಅದರ ಕೀರ್ತಿ ವಿಜ್ಞಾನಿಗಳಿಗೆ ಸಲ್ಲತಕ್ಕದ್ದೇ. ಆದರೆ ಅಂಥ ಕುದುರೆಗಳನ್ನು ದಿನವೂ ಸಾಕಿ ಸಲಹಿದ ಕೈಗಳಿಗೆ ಅದರಲ್ಲಿ ಒಂದು ಪಾಲೂ ಬೇಡವೇ?

ಹಾಲಿನ ಮಾತೂ ಹಾಗೆಯೇ. ನಗರದ ಇಕ್ಕಟ್ಟಿನ ಓಣಿಗಳಲ್ಲಿದ್ದ ಎಮ್ಮೆಗಳನ್ನು ಹೊರಗೆ ಸಾಗಿಸಬೇಕೆಂದು 1949ರಲ್ಲಿ ಗೋರೆಗಾಂವದಲ್ಲಿ ಆರೇ ಹಾಲಿನ ವಸಾಹತು ಸ್ಥಾಪನೆಯಾಯಿತು. 1951ರಲ್ಲಿ ಪಂಡಿತ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಅದನ್ನು ಕಟ್ಟಿದ ದಾರಾ ಖುರೋಡಿಯವರಿಗೆ 1963ರಲ್ಲಿ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ ಪಟೇಲರೊಡನೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಬಹು ಯೋಗ್ಯವಾದ ಗೌರವ. ನಾವು ಕೇಳುವುದಿಷ್ಟೆ: ಆರೇಯಲ್ಲಿಯೂ ಜೋಗೇಶ್ವರಿಯಲ್ಲಿಯೂ ನಡುರಾತ್ರಿ ಎದ್ದು ಹಿಂಡಿದವರು, ಸೆಗಣಿ ಬಾಚಿದವರು, ಹಿಂಡಿ ಕಲಸಿದವರು ಇಲ್ಲದಿದ್ದರೆ ಆ ಯೋಜನೆಗಳು ಕಾಗದದಿಂದ ಇಳಿದು ಬಾಟಲಿಗೆ ಬರುತ್ತಿದ್ದವೇ?

ಇಲ್ಲಿ ಕೆಲವು ವಾಚಕರು ನಮ್ಮನ್ನು ತಡೆದು ಕೇಳಬಹುದು: "ನೀವು ಹಳೆಯ ಕುದುರೆಗಾಡಿಗಳನ್ನು ಹೊಗಳುತ್ತಿದ್ದೀರಲ್ಲ, ಆ ಕುದುರೆಗಳು ಪಟ್ಟ ಪಾಡು ನಿಮಗೆ ತಿಳಿಯದೇ?" ತಿಳಿದಿದೆ. ಹಸಿದ ಹೊಟ್ಟೆ, ಹುಣ್ಣಾದ ಬೆನ್ನು, ಹೊಗೆ, ನೆರಳಿಲ್ಲದ ನಿಲ್ದಾಣ, ಗಾಳಿಯಿಲ್ಲದ ಲಾಯ, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇವೆ. ನಮ್ಮ ತಂದೆಯೇ ಹೇಳುತ್ತಿದ್ದರು: "ಈ ಡಾಂಬರದ ಮ್ಯಾಲ ಕುದರಿ ಓಡೂದಂದ್ರ ನಾವು ಬರಿಗಾಲಿಲೆ ಕೆಂಡದ ಮ್ಯಾಲ ಓಡಿದಂಗ." ಪ್ರಾಣಿದಯೆಯ ಒಂದು ಸಂಸ್ಥೆಯವರು ಹೂಡಿದ ಅರ್ಜಿಯ ಮೇಲೆ 2015ನೆಯ ಜೂನ 8ರಂದು ಮುಂಬಯಿ ಹೈಕೋರ್ಟು ಮೋಜಿನ ಸವಾರಿಯ ಕುದುರೆಗಾಡಿಗಳು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು, ಅವುಗಳನ್ನು ನಿಲ್ಲಿಸಲು ಒಂದು ವರ್ಷದ ಅವಧಿ ಕೊಟ್ಟಿತು. ಈ ತೀರ್ಪು ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಕುದುರೆಯನ್ನು ನಿಜವಾಗಿ ಪ್ರೀತಿಸಿದ ಸಾಯಿಸನೊಬ್ಬನೂ ಅದಕ್ಕೆ ಎದುರಾಡಲಾರನು.

ನಮ್ಮ ತಕರಾರು ಅದರ ಮುಂದಿನ ಲೆಕ್ಕದ್ದು. ಗಾಡಿಗಳ ಮಾಲಿಕರಿಗೂ ಚಾಲಕರಿಗೂ ಪುನರ್ವಸತಿಯ ಯೋಜನೆಯನ್ನು ಸರಕಾರ ಮಾಡಿತು. ಇಡಿಗಂಟಿನ ಹಣ, ಇಲ್ಲವೇ ಬೀದಿ ವ್ಯಾಪಾರದ ಪರವಾನಿಗೆ ಎಂಬ ತರಹದ್ದು. 2021ರಲ್ಲಿ ವಿಕ್ಟೋರಿಯಾದ ಆಕಾರದ ವಿದ್ಯುತ್ ಗಾಡಿಗಳು ದಕ್ಷಿಣ ಮುಂಬಯಿಯ ರಸ್ತೆಗಿಳಿದವು. ಇದೂ ಸರಿಯೇ. ಆದರೆ ಗಾಡಿಗೆ ಪರವಾನಿಗೆಯುಂಟು, ಚಾಲಕನಿಗೆ ಪರವಾನಿಗೆಯುಂಟು. ಲಾಯದ ಕತ್ತಲೆಯಲ್ಲಿ ಮೇವು ಹಾಕುವವನಿಗೆ, ಗೊರಸು ತೊಳೆಯುವವನಿಗೆ, ಲಾಳ ಕಟ್ಟುವವನಿಗೆ ಯಾವ ಪರವಾನಿಗೆ? ಪಟ್ಟಿಯಲ್ಲಿ ಹೆಸರಿದ್ದವನನ್ನು ಸರಕಾರ ಕಾಣುತ್ತದೆ, ಹೆಸರಿಲ್ಲದವನು ಕುದುರೆಯೊಡನೆಯೇ ಮಾಯವಾಗುತ್ತಾನೆ. ಗಿರಣಿ ಕಾಮಗಾರರ ಉದಾಹರಣೆಯನ್ನು ನೋಡಿರಿ. 1982ರ ಸಂಪಿನಲ್ಲಿ ಅವರು ಸೋತರು, ಗಿರಣಿಗಳು ಮುಚ್ಚಿದವು. ಆದರೂ ಹಾಜರಿ ಪುಸ್ತಕ, ಪ್ರಾವಿಡೆಂಟ್ ಫಂಡಿನ ಚೀಟಿ ಇದ್ದುದರಿಂದ ಅವರ ಮಕ್ಕಳು ಮ್ಹಾಡಾದ ಮನೆಗೆ ಅರ್ಜಿ ಹಾಕಬಲ್ಲವರಾದರು. ಎಲ್ಲರಿಗೂ ಮನೆ ಸಿಕ್ಕಿಲ್ಲ, ಹೋರಾಟ ಮುಗಿದಿಲ್ಲ. ಆದರೆ ಕೇಳುವ ಹಕ್ಕಿಗೆ ಆಧಾರವೊಂದಿದೆ. ಸಾಯಿಸನ ಮಗ ಏನನ್ನು ತೋರಿಸಿ ಕೇಳಬೇಕು?

ಸರಕಾರದ ಪುಸ್ತಕದಲ್ಲಿ ಹೆಸರಿಲ್ಲದಿರುವುದು ಒಂದು ಅನ್ಯಾಯವಾದರೆ, ನಮ್ಮವರೇ ಆ ಹೆಸರನ್ನು ಅಡಗಿಸುವುದು ಇನ್ನೊಂದು. ನೆಂಟಸ್ತನದ ಮಾತುಕತೆಯಲ್ಲಿ "ತಂದೆಯವರು ಏನು ಮಾಡುತ್ತಿದ್ದರು?" ಎಂದು ಕೇಳಿದರೆ "ಡೈರಿಯಲ್ಲಿದ್ದರು" ಎನ್ನುತ್ತೇವೆ. "ಟ್ರಾನ್ಸ್‌ಪೋರ್ಟಿನಲ್ಲಿದ್ದರು" ಎನ್ನುತ್ತೇವೆ. ಎಮ್ಮೆ ಹಿಂಡುತ್ತಿದ್ದರು, ಕುದುರೆ ತಿಕ್ಕುತ್ತಿದ್ದರು ಎನ್ನಲು ನಾಲಿಗೆ ಏಳುವುದಿಲ್ಲ. ನಮ್ಮ ಶಾಲೆಗಳಲ್ಲಿ ಪಾಠ ಬಾರದ ಹುಡುಗನಿಗೆ ಮಾಸ್ತರರು ಬೈಯುವ ಬೈಗಳೇ "ದನ ಕಾಯಲು ಹೋಗು" ಎಂದು. ದನ ಕಾಯುವುದು ಬುದ್ಧಿಯಿಲ್ಲದವನ ಕೆಲಸವೆಂದು ಯಾರು ಹೇಳಿದರು? ಆ ಮಾಸ್ತರರು ಒಂದು ವಾರ ಹತ್ತು ದನಗಳನ್ನು ಕಾದು, ಒಂದೂ ಕಳೆಯದಂತೆ, ಪರರ ಬೆಳೆಗೆ ಬಾಯಿ ಹಾಕದಂತೆ, ಎಲ್ಲವನ್ನೂ ಸುಖವಾಗಿ ಹಟ್ಟಿಗೆ ತಂದು ಕಟ್ಟಿದ್ದರೆ ಆ ಬೈಗಳನ್ನು ಬಿಟ್ಟುಬಿಡುತ್ತಿದ್ದರು.

ಕನ್ನಡ ನಾಡಿನ ಹಳೆಯ ನಡತೆ ಹೀಗಿರಲಿಲ್ಲ. ಹಗೆಗಳು ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನಿಗೆ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. 'ತುರುಗೊಳ್' ಎಂಬ ಮಾತು ಅಂಥ ಎಷ್ಟೋ ಶಾಸನಗಳಲ್ಲಿದೆ. ತುರು ಎಂದರೆ ದನವೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದನ ಕಾಯುತ್ತಿದ್ದ ರಾಮಣ್ಣನನ್ನು ಶರಣರು 'ತುರುಗಾಹಿ ರಾಮಣ್ಣ' ಎಂದೇ ಕರೆದರು. ಅವನು ವಚನಗಳನ್ನು ಬರೆದನು. ಕಾಯಕವೇ ಅವನ ಹೆಸರಿನ ಮೊದಲ ಭಾಗವಾಯಿತು. ಎಂಟುನೂರು ವರ್ಷಗಳ ಹಿಂದೆ ನಾಚಿಕೆಯಾಗದಿದ್ದ ಕೆಲಸ ಇಂದು ನಮಗೇಕೆ ನಾಚಿಕೆಯಾಗಬೇಕು?

ನಮ್ಮ ತಂದೆಗೆ ಆ ನಾಚಿಕೆ ಇರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಊರಲ್ಲಾದರೆ ಎರೆಮಣ್ಣು ಸಿಗುತ್ತಿತ್ತು. ಮುಂಬಯಿಯಲ್ಲಿ ಅವರು ಧಾರಾವಿಯ ಕುಂಭಾರವಾಡೆಯಿಂದ ಹಿಡಿ ಮಣ್ಣು ಕೇಳಿ ತರುತ್ತಿದ್ದರು. ಚಾಳಿನ ಖೋಲಿಯಲ್ಲಿ ಕುಳಿತು ಜೋಡೆತ್ತು ಮಾಡಿ, ಪಕ್ಕದಲ್ಲಿ ಒಂದು ಕುದುರೆ, ಒಂದು ಎಮ್ಮೆಯನ್ನೂ ಮಾಡಿ ಇಡುತ್ತಿದ್ದರು. ನೆರೆಯ ಮನೆಯವರು ಇದಾವ ಪದ್ಧತಿಯೆಂದು ನಗುತ್ತಿದ್ದರು. ಯಾರ ಅನ್ನ ಉಂಡೆವೋ ಅವರಿಗೆ ಕೈ ಮುಗಿಯುವುದು ಎಂದಷ್ಟೇ ಅವರ ಉತ್ತರ.

ಹಾಗಾದರೆ ನಾವು ಮಾಡತಕ್ಕದ್ದೇನು? ನೆನೆದು ನಿಟ್ಟುಸಿರು ಬಿಟ್ಟರೆ ಸಾಲದು. ಮೂರು ಮಾತುಗಳನ್ನು ಸೂಚಿಸುತ್ತೇವೆ.

ಮೊದಲನೆಯದು, ಇಂದಿಗೂ ತಬೇಲಗಳಲ್ಲಿ, ಲಾಯಗಳಲ್ಲಿ, ಪಶು ಆಸ್ಪತ್ರೆಗಳಲ್ಲಿ ದುಡಿಯುವವರು ಈ ನಗರದಲ್ಲಿದ್ದಾರೆ. ಅವರಲ್ಲಿ ನಮ್ಮವರು ಕೆಲವರಿರಬಹುದು, ಉತ್ತರ ಪ್ರದೇಶ, ಬಿಹಾರದವರು ಬಹಳ. ಭಾಷೆ ಯಾವುದಾದರೇನು, ಅವರು ನಮ್ಮ ತಂದೆಯ ಕೆಲಸವನ್ನೇ ಮಾಡುತ್ತಿದ್ದಾರೆ. ಅಸಂಘಟಿತ ಕಾಮಗಾರರಿಗೆಂದು 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ ನೋಂದಣಿಯಲ್ಲಿ ಅವರ ಹೆಸರು ಸೇರಬೇಕು. ಓದುಬರಹ ಬಲ್ಲ ನಮ್ಮ ತರುಣರು ಭಾನುವಾರದ ಎರಡು ಗಂಟೆಗಳನ್ನು ಇದಕ್ಕೆ ಕೊಟ್ಟರೆ ಹೆಸರಿಲ್ಲದ ಎಷ್ಟೋ ಜನರಿಗೆ ಹೆಸರು ಬರುತ್ತದೆ.

ಎರಡನೆಯದು, ಪ್ರಾಣಿಗಳಿರುವ ಜಾಗವನ್ನು ನಗರವು ಬೇರೆ ಕೆಲಸಕ್ಕೆ ತೆಗೆದುಕೊಳ್ಳುವಾಗಲೆಲ್ಲ ಅಲ್ಲಿ ದುಡಿಯುವ ಪ್ರತಿಯೊಂದು ಕೈಯ ಎಣಿಕೆ ಮೊದಲು ನಡೆಯಬೇಕು. ಮಹಾಲಕ್ಷ್ಮಿಯ 211 ಎಕರೆಗಳಲ್ಲಿ 120 ಎಕರೆಗಳನ್ನು ಸಾರ್ವಜನಿಕ ಉದ್ಯಾನಕ್ಕಾಗಿ ಪಾಲಿಕೆಗೆ ಕೊಡುವ ನಿರ್ಧಾರ 2024ರಲ್ಲಿ ಆಯಿತು. ಊರಿಗೆ ಉದ್ಯಾನ ಬೇಕು. ಆದರೆ ಎಕರೆಯ ಲೆಕ್ಕವನ್ನು ಪತ್ರಿಕೆಗಳು ಬರೆದಷ್ಟು ಆಸ್ಥೆಯಿಂದ ಸಾಯಿಸರ ಲೆಕ್ಕವನ್ನೂ ಬರೆಯಲಿ. ಮಾಲಿಕ, ಚಾಲಕ, ಸವಾರ ಎಂದು ನಿಲ್ಲದೆ ಪಟ್ಟಿ ಗೋದಲಿಯವರೆಗೆ ಇಳಿಯಲಿ.

ಮೂರನೆಯದು ನಮ್ಮ ಕೈಯಲ್ಲಿಯೇ ಇರುವ ಕೆಲಸ. ಸಂಘದಲ್ಲಿ ಒಂದು ದೊಡ್ಡ ಪುಸ್ತಕವನ್ನು ಇಡೋಣ. ಅದರಲ್ಲಿ ಪ್ರತಿಯೊಬ್ಬ ಸದಸ್ಯನೂ ತನ್ನ ತಂದೆ, ತಾಯಿ, ಅಜ್ಜಂದಿರು ಮಾಡಿದ ಕೆಲಸವನ್ನು ಬರೆಯಲಿ. 'ಕೂಲಿ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಬೇಡ. ಯಾವ ಪ್ರಾಣಿ, ಯಾವ ಬೇನೆಗೆ ಯಾವ ಮದ್ದು, ಯಾವ ಹಗ್ಗಕ್ಕೆ ಯಾವ ಗಂಟು, ಖರಾರ ಹಿಡಿಯುವುದು ಹೇಗೆ, ಹೆದರಿದ ಕುದುರೆಯನ್ನು ಯಾವ ಸೊಲ್ಲಿನಿಂದ ಕರೆಯುತ್ತಿದ್ದರು, ಪಗಾರ ಎಷ್ಟು, ಮಲಗುತ್ತಿದ್ದುದು ಎಲ್ಲಿ, ಇದೆಲ್ಲ ಬರಲಿ. ಮಾತು ತಿಳಿದ ಮುದುಕರು ವರ್ಷಕ್ಕೊಬ್ಬರಂತೆ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಅವರೊಡನೆ ಆ ಮಾತುಗಳೂ ಹೋಗುತ್ತಿವೆ. ಮುಂದೆ ಯಾವನಾದರೊಬ್ಬ ವಿದ್ಯಾವಂತನು ಮುಂಬಯಿ ಕನ್ನಡಿಗರ ಇತಿಹಾಸ ಬರೆಯಲು ಕುಳಿತಾಗ ಅವನಿಗೆ ಆಧಾರ ನಮ್ಮಲ್ಲಿಯೇ ದೊರೆಯಲಿ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ವಾರವೇ ಅವರ ಬಳಿ ಕುಳಿತು ಕೇಳಿರಿ. ಬರೆಯಬಲ್ಲವರು ಬರೆದು ತನ್ನಿರಿ. ಬರೆಯಲು ಬಾರದವರು ಬಂದು ಹೇಳಿರಿ, ಬರೆದುಕೊಳ್ಳುವವರು ನಮ್ಮಲ್ಲಿದ್ದಾರೆ.